ಬಡಿಸಿದ ಊಟದ ಬಾಕಿ: 45 ದಿನಗಳ ಕಾಯಿದೆಯಿಂದ ನಮಗೇನು ಲಾಭ?

ಹೋಟೆಲಿನ ಗಲ್ಲೆಯ ಹಿಂದೆ "ಇಂದು ನಗದು, ನಾಳೆ ಉದ್ದರಿ" ಎಂಬ ಬೋರ್ಡು ತೂಗುಹಾಕಿ ನಿಶ್ಚಿಂತೆಯಿಂದ ಕುಳಿತುಕೊಳ್ಳಬಹುದು. ಕ್ಯಾಟರಿಂಗ್ ಕಸುಬಿನಲ್ಲಿ ಆ ಸೌಕರ್ಯ ಇಲ್ಲ. ದಿನಸಿಗೆ, ಗ್ಯಾಸಿಗೆ, ತರಕಾರಿ ಮಾರ್ಕೆಟಿಗೆ ಕೈಯಿಂದ ದುಡ್ಡು ಹೋಗುತ್ತದೆ. ಅಡಿಗೆಯವರಿಗೆ, ಬಡಿಸುವವರಿಗೆ ಅದೇ ರಾತ್ರಿ ಕೂಲಿ ಕೊಡಬೇಕು. ಬಿಲ್ ಮಾಡಿದ ಮೇಲೆ, ಹಣ ಬಂದಿರಲಿ ಬಿಡಲಿ, ಜಿಎಸ್‌ಟಿ ಕಟ್ಟಲೇಬೇಕು. ನಮಗೆ ಬರಬೇಕಾದ್ದು ಮಾತ್ರ "ಅಕೌಂಟ್ಸ್‌ನಲ್ಲಿದೆ, ಮುಂದಿನ ವಾರ ನೋಡೋಣ" ಎಂಬ ಮಾತಿನಲ್ಲೇ ತಿಂಗಳುಗಟ್ಟಲೆ ನಿಲ್ಲುತ್ತದೆ.

ಮುಂದಿನ ಕಥೆಯೂ ಎಲ್ಲರಿಗೂ ಗೊತ್ತಿರುವುದೇ. ಕಾರ್ಖಾನೆಯ ಕ್ಯಾಂಟೀನ್ ಕಂತ್ರಾಟು ಸಿಗುತ್ತದೆ. ಮೊದಲ ಬಿಲ್ಲಿನ ಹಣ 30 ದಿನಕ್ಕೆ ಬರುತ್ತದೆ, ಅನಂತರ 60, ಆಮೇಲೆ 120. ಗಟ್ಟಿಯಾಗಿ ಕೇಳಿದರೆ ಕಂತ್ರಾಟು ಹೋದೀತೆಂಬ ಅಂಜಿಕೆಯಿಂದ ಕೈಸಾಲ ಮಾಡಿ ಅಡಿಗೆಮನೆ ನಡೆಸುತ್ತೇವೆ. ಅಷ್ಟರಲ್ಲಿ ಆ ಕಡೆಯ ಪರ್ಚೇಸ್ ಮ್ಯಾನೇಜರ್ ಬದಲಾಗುತ್ತಾರೆ. ಹೊಸಬರು "ಈ ಬಿಲ್ ನಮಗೆ ಬಂದೇ ಇಲ್ಲ, ಊಟದ ಬಗ್ಗೆಯೂ ದೂರು ಇತ್ತಂತೆ" ಎನ್ನುತ್ತಾರೆ. ನಮ್ಮ ಕೈಯಲ್ಲಿ ಅವರ ಸಹಿಯಿರುವ ಒಂದು ಚೀಟಿಯೂ ಇರುವುದಿಲ್ಲ. ಕೊನೆಗೆ ಅರ್ಧಕ್ಕೆ ಒಪ್ಪಿ ಪಾತ್ರೆ ಎತ್ತಿಕೊಂಡು ಬರುತ್ತೇವೆ.

ಹಾಗಾದರೆ ಕಾಯಿದೆ ನಮ್ಮ ಪರವಾಗಿ ಇಲ್ಲವೇ? ಇದೆ, ಸಾಕಷ್ಟು ಬಲವಾಗಿಯೇ ಇದೆ. ಆದರೆ ಅದು ತಾರೀಖು ನೋಡುತ್ತದೆ, ಸಹಿ ನೋಡುತ್ತದೆ. ಊಟ ಬಡಿಸಿದ ಮೊದಲ 15 ದಿನಗಳಲ್ಲಿ ನಾವು ಏನು ಬರೆದಿಟ್ಟುಕೊಂಡೆವು ಎಂಬುದರ ಮೇಲೆ ಎರಡು ವರ್ಷಗಳ ನಂತರದ ತೀರ್ಪು ನಿಂತಿರುತ್ತದೆ. ಅದನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಕಾಯಿದೆ ಯಾವುದು?

ಬಾಕಿ ಹಣಕ್ಕೆ ಬಡ್ಡಿ ಕೊಡಿಸುವ ಕಾಯಿದೆ 1993ರಲ್ಲೇ ಬಂದಿತ್ತು. ಆದರೆ ಅದು ಸಣ್ಣ ಕೈಗಾರಿಕೆಗಳಿಗೆ ಸೀಮಿತವಾಗಿತ್ತು. 2006ರ ಅಕ್ಟೋಬರ್ 2ರಂದು ಜಾರಿಗೆ ಬಂದ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆ, ಅಂದರೆ ಎಲ್ಲರೂ ಹೇಳುವ ಎಂಎಸ್‌ಎಂಇ ಕಾಯಿದೆ, ಸೇವೆ ಕೊಡುವವರನ್ನೂ ಒಳಗೆ ಸೇರಿಸಿಕೊಂಡಿತು. ನಮ್ಮ ಕಸುಬಿಗೆ ಬಾಗಿಲು ತೆರೆದದ್ದು ಅಲ್ಲಿಂದ. ಬಾಕಿ ವಸೂಲಿಗೆ ಸಂಬಂಧಿಸಿದ್ದು ಇದರ 15ರಿಂದ 24ರವರೆಗಿನ ಸೆಕ್ಷನ್‌ಗಳು.

ಈ ರಕ್ಷಣೆ ಸಿಗುವುದು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಮಾತ್ರ. ಮಧ್ಯಮ ಉದ್ಯಮಕ್ಕೆ ಇಲ್ಲ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಿತಿಯ ಪ್ರಕಾರ ಯಂತ್ರ, ಸಲಕರಣೆಗಳ ಮೇಲಿನ ಹೂಡಿಕೆ 2.5 ಕೋಟಿ ಮತ್ತು ವಾರ್ಷಿಕ ವಹಿವಾಟು 10 ಕೋಟಿ ರೂ. ಮೀರದಿದ್ದರೆ ಅದು ಅತಿಸಣ್ಣ ಉದ್ಯಮ. ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿವರೆಗೆ ಸಣ್ಣ ಉದ್ಯಮ. ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಮೊದಲ ಪಂಕ್ತಿಯಲ್ಲೇ ಕೂರುತ್ತಾರೆ.

ದಿನದ ಲೆಕ್ಕ ಹೇಗೆ?

ಹಣ ಯಾವಾಗ ಕೊಡಬೇಕೆಂದು ಲಿಖಿತ ಒಪ್ಪಂದ ಇದ್ದರೆ ಆ ದಿನದೊಳಗೆ ಕೊಡಬೇಕು. ಆದರೆ ಆ ಅವಧಿ 45 ದಿನ ಮೀರುವಂತಿಲ್ಲ. ಪರ್ಚೇಸ್ ಆರ್ಡರ್‌ನಲ್ಲಿ "90 ದಿನ" ಎಂದು ಅಚ್ಚಾಗಿದ್ದು, ಅದಕ್ಕೆ ನಾವು ಸಹಿ ಹಾಕಿದ್ದರೂ ಕಾಯಿದೆಯ ಕಣ್ಣಿಗೆ 45 ದಿನವೇ. ಒಪ್ಪಂದವೇ ಇಲ್ಲದಿದ್ದರೆ 15 ದಿನದೊಳಗೆ ಹಣ ಬರಬೇಕು.

ದಿನ ಎಣಿಸುವುದು ಸೇವೆ ಕೊಟ್ಟ ದಿನದಿಂದ. ಜನವರಿ 10ರಂದು ಒಂದು ಕಂಪನಿಯ ವಾರ್ಷಿಕೋತ್ಸವಕ್ಕೆ ಊಟ ಬಡಿಸಿದಿರಿ ಎನ್ನೋಣ. ಲಿಖಿತ ಒಪ್ಪಂದ ಇಲ್ಲದಿದ್ದರೆ ಜನವರಿ 25ರೊಳಗೆ ಹಣ ಬರಬೇಕು. ಒಪ್ಪಂದ ಇದ್ದರೆ ಹೆಚ್ಚೆಂದರೆ ಫೆಬ್ರವರಿ 24. ಬಿಲ್ ಅವರ ಅಕೌಂಟ್ಸ್ ವಿಭಾಗಕ್ಕೆ ಯಾವಾಗ ಹೋಯಿತು, ಯಾರು ರಜೆಯಲ್ಲಿದ್ದರು ಎಂಬುದರಿಂದ ಈ ಗಡುವು ಮುಂದೆ ಹೋಗುವುದಿಲ್ಲ.

ಇಲ್ಲೇ ಇನ್ನೊಂದು ಮುಖ್ಯ ವಿಚಾರ ಇದೆ. ಊಟ ಚೆನ್ನಾಗಿರಲಿಲ್ಲ, ಎಲೆ ಲೆಕ್ಕ ತಪ್ಪಿದೆ ಎಂಬ ಆಕ್ಷೇಪ ಏನಿದ್ದರೂ ಖರೀದಿದಾರರು ಸೇವೆ ಪಡೆದ 15 ದಿನದೊಳಗೆ ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ ಸೇವೆಯನ್ನು ಒಪ್ಪಿಕೊಂಡಂತೆಯೇ ಲೆಕ್ಕ. ಮೂರು ತಿಂಗಳ ಮೇಲೆ ಬಾಯಿಮಾತಿನಲ್ಲಿ "ಅವತ್ತು ಪಾಯಸ ಹಳಸಿತ್ತು" ಎಂದರೆ ಗಡುವು ಬದಲಾಗದು. ಹಾಗೆಯೇ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಬಂದರೆ ನಾವು ಸುಮ್ಮನಿರಬಾರದು. ಅದಕ್ಕೆ ಕೂಡಲೇ ಬರಹದಲ್ಲೇ ಉತ್ತರ ಕೊಡಬೇಕು, ಏಕೆಂದರೆ ಆಗ ಎಣಿಕೆ ಶುರುವಾಗುವುದು ಆ ಆಕ್ಷೇಪ ಪರಿಹಾರವಾದ ದಿನದಿಂದ.

ಬಡ್ಡಿ ಎಷ್ಟು?

ಗಡುವು ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಪ್ರತಿ ತಿಂಗಳು ಅಸಲಿಗೆ ಸೇರುವ ಚಕ್ರಬಡ್ಡಿ. ಬ್ಯಾಂಕ್ ದರ ಆಗಾಗ ಬದಲಾಗುತ್ತದೆ. ಲೆಕ್ಕಕ್ಕೆ ಶೇ. 6 ಎಂದು ಇಟ್ಟುಕೊಂಡರೆ ಮೂರು ಪಟ್ಟು ಎಂದರೆ ಶೇ. 18, ತಿಂಗಳಿಗೆ ಶೇ. 1.5. ಎರಡು ಲಕ್ಷ ರೂ. ಬಾಕಿ ಒಂದು ವರ್ಷ ನಿಂತರೆ ಸುಮಾರು 39,100 ರೂ. ಬಡ್ಡಿಯಾಗುತ್ತದೆ. ಬಡ್ಡಿಯ ಮಾತು ಒಪ್ಪಂದದಲ್ಲಿ ಇಲ್ಲದಿದ್ದರೂ ಇದು ಸಲ್ಲುತ್ತದೆ. ನೋಟಿಸಿನಲ್ಲಿ ಬಡ್ಡಿಯ ಲೆಕ್ಕ ಹಾಕಿ ತೋರಿಸಿದರೆ ರಾಜಿಗೆ ಕುಳಿತಾಗ ಅಸಲಾದರೂ ಪೂರ್ತಿ ಕೈಗೆ ಬರುವ ಸಂಭವ ಹೆಚ್ಚು.

ಮೊದಲು ಉದ್ಯಮ್ ನೋಂದಣಿ

ಈ ಸವಲತ್ತುಗಳಿಗೆಲ್ಲ ಬುನಾದಿ ಉದ್ಯಮ್ ನೋಂದಣಿ. 2020ರ ಜುಲೈ 1ರಿಂದ ಈ ವ್ಯವಸ್ಥೆ ಇದೆ. ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ನಾವೇ ಮಾಡಿಕೊಳ್ಳಬಹುದು. ಶುಲ್ಕ ಇಲ್ಲ. ಸಾವಿರಾರು ರೂಪಾಯಿ ಕೇಳುವ ಏಜೆಂಟರಿಗೆ ಮರುಳಾಗಬೇಡಿ.

ನೋಂದಣಿ ಮಾಡುವಾಗ ಕಸುಬಿನ ಸಂಕೇತ ಸರಿಯಾಗಿ ಆರಿಸಬೇಕು. ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದಲ್ಲಿ ಸಮಾರಂಭದ ಕ್ಯಾಟರಿಂಗ್ 5621ರಲ್ಲಿಯೂ, ಕ್ಯಾಂಟೀನ್ ಮುಂತಾದ ಇತರ ಆಹಾರ ಸೇವೆ 5629ರಲ್ಲಿಯೂ ಬರುತ್ತದೆ. ಬರೇ ವ್ಯಾಪಾರ ಎಂದು ನಮೂದಿಸಿದರೆ ತೊಂದರೆ. ಅಂಗಡಿ ವ್ಯಾಪಾರಿಗಳನ್ನು 2021ರಲ್ಲಿ ಉದ್ಯಮ್‌ಗೆ ಸೇರಿಸಿದ್ದು ಬ್ಯಾಂಕಿನ ಆದ್ಯತಾ ಸಾಲದ ಮಟ್ಟಿಗೆ ಮಾತ್ರ, ಬಾಕಿ ವಸೂಲಿಗೆ ಅಲ್ಲ.

ಬಾಕಿ ಬಿದ್ದ ಮೇಲೆ ನೋಂದಣಿ ಮಾಡಿಸಿದರೆ ನಡೆಯುತ್ತದೆಯೇ ಎಂದು ಹಲವರು ಕೇಳುತ್ತಾರೆ. ಕರಾರಿಗೆ ಮುಂಚೆಯೇ ನೋಂದಣಿ ಇರಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಬೇರೆ ಅಭಿಪ್ರಾಯ ತಳೆದು, ಪ್ರಶ್ನೆಯನ್ನು ಮೂವರ ಪೀಠಕ್ಕೆ ಒಪ್ಪಿಸಿತು. ಆ ಚರ್ಚೆ ವಕೀಲರಿಗಿರಲಿ. ನೋಂದಣಿ ಇಲ್ಲದವರು ಈ ವಾರವೇ ಮಾಡಿಸಿಕೊಳ್ಳಿ. ಉದ್ಯಮ್ ಸಂಖ್ಯೆಯನ್ನು ಬಿಲ್ಲಿನ ಮೇಲೆ, ಕೊಟೇಶನ್ ಮೇಲೆ ಅಚ್ಚು ಹಾಕಿಸಿ.

ದೂರು ಎಲ್ಲಿ?

ಪ್ರತಿ ರಾಜ್ಯದಲ್ಲೂ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳ ಫೆಸಿಲಿಟೇಶನ್ ಕೌನ್ಸಿಲ್ ಇದೆ. ಮಹಾರಾಷ್ಟ್ರದಂಥ ರಾಜ್ಯಗಳಲ್ಲಿ ಒಂದಕ್ಕಿಂತ ಹೆಚ್ಚು. ದೂರನ್ನು ಆನ್‌ಲೈನ್‌ನಲ್ಲೇ ಕೊಡಬಹುದು. ಇದಕ್ಕಾಗಿ ಕೇಂದ್ರ ಎಂಎಸ್‌ಎಂಇ ಸಚಿವಾಲಯ 2017ರಲ್ಲಿ ಸಮಾಧಾನ್ ಪೋರ್ಟಲ್ ತೆರೆಯಿತು. 2025ರಲ್ಲಿ ಆನ್‌ಲೈನ್ ವ್ಯಾಜ್ಯ ಪರಿಹಾರದ ಪೋರ್ಟಲ್ ಬಂತು. ಆರ್ಡರ್, ಬಿಲ್, ಉದ್ಯಮ್ ಪತ್ರ ಜೊತೆಗಿರಬೇಕು.

ಊರು ಬಿಟ್ಟು ಬಂದು ಕಸುಬು ಮಾಡುವ ನಮ್ಮಂಥವರಿಗೆ ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಕೌನ್ಸಿಲ್ ಯಾವುದು ಎಂಬುದು ಸರಬರಾಜು ಮಾಡಿದವರ ಜಾಗದಿಂದ ನಿರ್ಧಾರವಾಗುತ್ತದೆ. ಖರೀದಿದಾರರು ಭಾರತದ ಯಾವ ಮೂಲೆಯಲ್ಲಾದರೂ ಇರಲಿ. ಪುಣೆಯ ಕ್ಯಾಟರರ್ ದೆಹಲಿಯ ಕಂಪನಿಯ ಸಮಾರಂಭಕ್ಕೆ ಬಡಿಸಿದ್ದರೆ ದೆಹಲಿಗೆ ಅಲೆಯಬೇಕಾಗಿಲ್ಲ. ಕಂತ್ರಾಟಿನಲ್ಲಿ "ವ್ಯಾಜ್ಯವೇನಿದ್ದರೂ ನಮ್ಮ ಊರಿನಲ್ಲಿ ನಾವು ನೇಮಿಸಿದ ಆರ್ಬಿಟ್ರೇಟರ್ ಮುಂದೆ" ಎಂದು ಬರೆದಿದ್ದರೂ ಎಂಎಸ್‌ಎಂಇ ಕಾಯಿದೆಯೇ ಮೇಲು ಎಂದು ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪು ಕೊಟ್ಟಿದೆ.

ಕೌನ್ಸಿಲ್ ಮೊದಲು ಇಬ್ಬರನ್ನೂ ಕರೆದು ರಾಜಿಗೆ ಪ್ರಯತ್ನಿಸುತ್ತದೆ. ರಾಜಿ ಆಗದಿದ್ದರೆ ಆರ್ಬಿಟ್ರೇಶನ್ ನಡೆಸಿ ತೀರ್ಪು ಕೊಡುತ್ತದೆ, ಇಲ್ಲವೇ ಬೇರೆ ಸಂಸ್ಥೆಗೆ ಒಪ್ಪಿಸುತ್ತದೆ. 90 ದಿನದಲ್ಲಿ ತೀರ್ಮಾನ ಆಗಬೇಕೆಂದು ಕಾಯಿದೆ ಹೇಳಿದರೂ ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದೇ ರೂಢಿ. ತಾಳ್ಮೆ ಬೇಕು. ಆದರೆ ತೀರ್ಪು ಬಂದ ಮೇಲೆ ಅದನ್ನು ಪ್ರಶ್ನಿಸಲು ಕೋರ್ಟಿಗೆ ಹೋಗುವ ಖರೀದಿದಾರರು ತೀರ್ಪಿನ ಮೊತ್ತದ ಶೇ. 75ನ್ನು ಮೊದಲು ಠೇವಣಿ ಇಡಬೇಕು. ಸುಮ್ಮನೆ ಎಳೆದಾಡಿಸುವವರಿಗೆ ಇದೊಂದು ಮೂಗುದಾರ.

ದೂರಿಗೆ ಮುಂಚೆ ಒಂದು ಪತ್ರ

ಗಿರಾಕಿಯನ್ನು ಕಳೆದುಕೊಳ್ಳದೆ ಹಣ ಬರಬೇಕೆಂಬುದೇ ಎಲ್ಲರ ಆಸೆ. ಅದಕ್ಕೆ ದೂರಿಗಿಂತ ಮೊದಲು ಉಪಯೋಗಕ್ಕೆ ಬರುವುದು ಆದಾಯ ತೆರಿಗೆಯ ನಿಯಮ. 2023ರ ಹಣಕಾಸು ಕಾಯಿದೆ 1961ರ ಆದಾಯ ತೆರಿಗೆ ಕಾಯಿದೆಗೆ 43ಬಿ(ಎಚ್) ಎಂಬ ಕಲಮನ್ನು ಸೇರಿಸಿತು. 2023-24ನೇ ಸಾಲಿನ ಲೆಕ್ಕದಿಂದ ಅದು ಜಾರಿಗೆ ಬಂತು, 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲೂ ಮುಂದುವರಿದಿದೆ. ಅತಿಸಣ್ಣ ಅಥವಾ ಸಣ್ಣ ಉದ್ಯಮಕ್ಕೆ ಮೇಲೆ ಹೇಳಿದ 15 ಅಥವಾ 45 ದಿನದೊಳಗೆ ಹಣ ಕೊಡದೆ ಮಾರ್ಚ್ 31 ದಾಟಿಸಿದರೆ, ಆ ಖರ್ಚನ್ನು ಆ ವರ್ಷದ ಲಾಭದಿಂದ ಕಳೆಯುವಂತಿಲ್ಲ. ನಿಜವಾಗಿ ಹಣ ಕೊಟ್ಟ ವರ್ಷದಲ್ಲಷ್ಟೇ ಕಳೆಯಬಹುದು. ಅಂದರೆ ನಮ್ಮ ಬಾಕಿಯ ಮೇಲೆ ಅವರು ತೆರಿಗೆ ಕಟ್ಟಬೇಕಾಗುತ್ತದೆ. ತಡವಾದ್ದಕ್ಕೆ ನಮಗೆ ಕೊಡುವ ಬಡ್ಡಿಯನ್ನೂ ಖರ್ಚೆಂದು ತೋರಿಸುವಂತಿಲ್ಲ.

ಆದ್ದರಿಂದ ಫೆಬ್ರವರಿಯಲ್ಲಿ ಖರೀದಿದಾರರ ಅಕೌಂಟ್ಸ್ ವಿಭಾಗಕ್ಕೆ ಒಂದು ವಿನಯದ ಪತ್ರ ಬರೆಯಿರಿ. ನಮ್ಮ ಉದ್ಯಮ್ ಸಂಖ್ಯೆ ಇದು, ನಾವು ಅತಿಸಣ್ಣ ಉದ್ಯಮ, ಇಂಥ ತಾರೀಖಿನ ಬಿಲ್ಲುಗಳು ಗಡುವು ಮೀರಿವೆ, ಮಾರ್ಚ್ 31ರೊಳಗೆ ಇತ್ಯರ್ಥ ಮಾಡಿ ಎಂದರೆ ಸಾಕು. ಜಗಳದ ಮಾತು ಬೇಡ. ಉಳಿದದ್ದನ್ನು ಅವರ ಆಡಿಟರೇ ಅವರಿಗೆ ಹೇಳುತ್ತಾರೆ. ಕಂಪನಿಯಾಗಿದ್ದರೆ 45 ದಿನ ಮೀರಿದ ಇಂಥ ಬಾಕಿಯ ವಿವರವನ್ನು ಆರು ತಿಂಗಳಿಗೊಮ್ಮೆ ಎಂಎಸ್‌ಎಂಇ-1 ನಮೂನೆಯಲ್ಲಿ ಕಂಪನಿಗಳ ರಿಜಿಸ್ಟ್ರಾರರಿಗೆ ಸಲ್ಲಿಸಬೇಕಾದ ಜವಾಬ್ದಾರಿಯೂ ಇದೆ.

ಆದರೆ ಮದುವೆ, ಮುಂಜಿ, ಗೃಹಪ್ರವೇಶದ ಮನೆಯವರ ಮೇಲೆ ಈ ತೆರಿಗೆಯ ಅಸ್ತ್ರ ನಡೆಯದು, ಅವರಿಗೆ ಅದು ವ್ಯಾಪಾರದ ಖರ್ಚಲ್ಲ. ಅಲ್ಲಿ ಮುಂಗಡವೇ ಮದ್ದು. ಬುಕಿಂಗ್‌ನಲ್ಲಿ ಒಂದು ಭಾಗ, ದಿನಸಿ ತರುವ ಮೊದಲು ಇನ್ನೊಂದು ಭಾಗ, ಉಳಿದ ಸ್ವಲ್ಪವನ್ನು ಎಲೆ ಲೆಕ್ಕ ಆದ ಕೂಡಲೇ ತೆಗೆದುಕೊಳ್ಳುವುದು ಕ್ಷೇಮ.

ಚೆಕ್ ವಾಪಸಾದರೆ

ಊಟ ಮುಗಿದ ರಾತ್ರಿ ಕೈಗೆ ಬಂದ ಚೆಕ್ ಬ್ಯಾಂಕಿನಿಂದ ವಾಪಸಾದರೆ 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಸೆಕ್ಷನ್ ಇದೆ. ಇದರಲ್ಲಿ ದಿನ ತಪ್ಪಿದರೆ ಕೇಸೇ ಬಿದ್ದುಹೋಗಬಹುದು:

1. ಚೆಕ್ಕಿನ ತಾರೀಖಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು.
2. ವಾಪಸಾದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು.
3. ನೋಟಿಸ್ ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನ ಅವಕಾಶ.
4. ಆಗಲೂ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು ಹಾಕಬೇಕು.

ತಪ್ಪು ಸಾಬೀತಾದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. 2018ರ ತಿದ್ದುಪಡಿಯಿಂದ, ಕೇಸು ನಡೆಯುತ್ತಿರುವಾಗಲೇ ಚೆಕ್ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರ ಕೋರ್ಟಿಗಿದೆ. ಚೆಕ್ಕನ್ನು ನಮ್ಮ ಖಾತೆಗೆ ಹಾಕಿದ್ದರೆ ಆ ಖಾತೆಯಿರುವ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲೇ ದೂರು ಹಾಕಬಹುದು. ಇದು 2015ರ ತಿದ್ದುಪಡಿ. ಚೆಕ್ ಕೊಟ್ಟ ಮೇಲೆ ಸ್ವಲ್ಪ ಹಣ ನಗದಾಗಿ ಬಂದಿದ್ದರೆ ಅದನ್ನು ಚೆಕ್ಕಿನ ಮೇಲೆ ನಮೂದಿಸದೆ ಪೂರ್ತಿ ಮೊತ್ತಕ್ಕೆ ಹಾಕಬೇಡಿ. ಹಾಗೆ ಹಾಕಿ ವಾಪಸಾದರೆ 138ರ ಕೇಸು ನಿಲ್ಲದೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ.

ಕೋರ್ಟು ಮತ್ತು ಲೋಕ ಅದಾಲತ್

ಲಿಖಿತ ಒಪ್ಪಂದ ಇದ್ದು ಮೊತ್ತ ಖಚಿತವಾಗಿದ್ದರೆ ಸಿವಿಲ್ ಪ್ರೊಸೀಜರ್ ಕೋಡಿನ 37ನೇ ಆರ್ಡರ್ ಪ್ರಕಾರ ಸಮ್ಮರಿ ದಾವೆ ಹೂಡಬಹುದು. ಪ್ರತಿವಾದಿ 10 ದಿನದೊಳಗೆ ಹಾಜರಾತಿ ಕೊಡಬೇಕು. ವಾದಿಸಲು ಕೋರ್ಟಿನ ಅನುಮತಿ ಪಡೆಯಬೇಕು. ವ್ಯಾಪಾರದ ವ್ಯಾಜ್ಯ 3 ಲಕ್ಷ ರೂ.ಗಿಂತ ಕಡಿಮೆಯಲ್ಲದಿದ್ದರೆ ಅದು ಕಮರ್ಷಿಯಲ್ ಕೋರ್ಟಿಗೆ ಹೋಗುತ್ತದೆ. ಅಲ್ಲಿ ತುರ್ತು ಆದೇಶ ಬೇಡದ ದಾವೆಗೆ ಮುಂಚೆ ಮಧ್ಯಸ್ಥಿಕೆಯ ಹಂತ ಕಡ್ಡಾಯ.

ಮೊತ್ತ ಸಣ್ಣದಾಗಿದ್ದರೆ ವಕೀಲರ ಫೀಸಿಗೇ ಬಾಕಿ ಕರಗಿಹೋದೀತು. ಅಂಥವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು, ದಾವೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ವಿಷಯ ಇಡಬಹುದು. ಕೋರ್ಟು ಶುಲ್ಕ ಇಲ್ಲ. ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯ ಬಲ ಇದೆ, ಅದರ ಮೇಲೆ ಅಪೀಲು ಇಲ್ಲ. ಇಬ್ಬರೂ ಒಪ್ಪಬೇಕು ಎಂಬುದೊಂದೇ ಮಿತಿ.

ಬರೇ ಹಣ ಬಾಕಿ ಎಂದು ಪೊಲೀಸ್ ಠಾಣೆಗೆ ಹೋಗುವುದರಿಂದ ಪ್ರಯೋಜನ ಕಡಿಮೆ, ಅದು ಸಿವಿಲ್ ವ್ಯಾಜ್ಯ. ಸಿಟ್ಟಿನಲ್ಲಿ ಅವರ ಸಾಮಾನು ತಡೆಹಿಡಿದರೆ ದೂರು ನಮ್ಮ ಮೇಲೆಯೇ ತಿರುಗೀತು. ದಿವಾಳಿ ಕಾಯಿದೆಯ ಹಾದಿ 2020ರಿಂದ ಒಂದು ಕೋಟಿ ರೂ.ಗಿಂತ ಕಡಿಮೆ ಬಾಕಿಗೆ ತೆರೆದಿಲ್ಲ. ಆದರೆ ನಮ್ಮ ಖರೀದಿದಾರ ಕಂಪನಿಯೇ ದಿವಾಳಿ ಪ್ರಕ್ರಿಯೆಗೆ ಹೋದ ಪ್ರಕಟಣೆ ಕಂಡರೆ, ಅದರಲ್ಲಿ ಹೇಳಿದ ದಿನದೊಳಗೆ ನಮ್ಮ ಬಾಕಿಯ ಕ್ಲೇಮು ಸಲ್ಲಿಸಲು ಮರೆಯಬಾರದು.

ಮೂರು ವರ್ಷ ಎಂಬ ಗೆರೆ

ಬಾಕಿ ಎಷ್ಟೇ ನ್ಯಾಯವಾದದ್ದಾದರೂ ಮೂರು ವರ್ಷ ದಾಟಿದರೆ ಕಾಲಮಿತಿ ಕಾಯಿದೆ ಅಡ್ಡ ಬರುತ್ತದೆ. ದಾಕ್ಷಿಣ್ಯದಿಂದ ವರ್ಷಗಟ್ಟಲೆ ಕಾಯುವವರು ಕಳೆದುಕೊಳ್ಳುವುದು ಇಲ್ಲೇ. ಮೂರು ವರ್ಷ ತುಂಬುವ ಮೊದಲು ಅವರು ಬಾಕಿ ಇದೆ ಎಂದು ಬರೆದು ಸಹಿ ಹಾಕಿದರೆ ಅಂದಿನಿಂದ ಹೊಸ ಮೂರು ವರ್ಷ ಸಿಗುತ್ತದೆ. ಬರಹದ ದಾಖಲೆಯೊಂದಿಗೆ ಸ್ವಲ್ಪ ಹಣ ಕೊಟ್ಟರೂ ಹಾಗೆಯೇ. ಅದಕ್ಕಾಗಿ ಪ್ರತಿ ಏಪ್ರಿಲ್‌ನಲ್ಲಿ ಬಾಕಿಯ ತಖ್ತೆ ಕಳಿಸಿ "ಸರಿಯಿದೆ" ಎಂಬ ಸಹಿ, ಸೀಲು ತರಿಸಿಕೊಳ್ಳುವ ಪದ್ಧತಿ ಇಟ್ಟುಕೊಳ್ಳಬೇಕು.

ಕಾಗದದ ಕೆಲಸ

ದೊಡ್ಡ ಆಫೀಸು ಬೇಡ, ಒಂದು ಫೈಲು ಸಾಕು. ಪ್ರತಿ ಆರ್ಡರಿಗೂ ಇಷ್ಟು ಇರಲಿ:

1. ಮೆನು, ಎಲೆಯ ದರ, ಕನಿಷ್ಠ ಎಲೆ, ಹಣ ಕೊಡುವ ದಿನ ಬರೆದ ಕೊಟೇಶನ್. ಅದರ ಮೇಲೆ ಅವರ ಒಪ್ಪಿಗೆ. ಹೆಚ್ಚುವರಿ ಎಲೆಗೆ ಏನು ದರ ಎಂಬುದೂ ಇರಲಿ.
2. ಊಟ ಮುಗಿದ ಕೂಡಲೇ ಎಲೆ ಅಥವಾ ಪ್ಲೇಟಿನ ಲೆಕ್ಕಕ್ಕೆ ಜವಾಬ್ದಾರರ ಸಹಿ. ಕ್ಯಾಂಟೀನಾದರೆ ದಿನದಿನದ ಊಟದ ಪುಸ್ತಕಕ್ಕೆ ಸೂಪರ್‌ವೈಸರ್ ಸಹಿ.
3. ಬಿಲ್ ತಲುಪಿದ್ದಕ್ಕೆ ತಾರೀಖು ಸಹಿತ ಸೀಲು, ಇಲ್ಲವೇ ಇಮೇಲ್.
4. ವಾಟ್ಸ್‌ಆ್ಯಪ್ ಮಾತುಕತೆ. ಅಳಿಸಬೇಡಿ, ಫೋನ್ ಬದಲಾಯಿಸುವಾಗ ಉಳಿಸಿಕೊಳ್ಳಿ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಕಾರ ನಿಗದಿತ ಪ್ರಮಾಣಪತ್ರದೊಂದಿಗೆ ಇದು ಸಾಕ್ಷ್ಯವಾಗುತ್ತದೆ.
5. ಟಿಡಿಎಸ್ ವಿವರ. ಕಂಪನಿ ನಮ್ಮ ಬಿಲ್ಲಿನ ಮೇಲೆ ತೆರಿಗೆ ಕಡಿದು ನಮ್ಮ ಪ್ಯಾನ್‌ಗೆ ಕಟ್ಟಿದ್ದರೆ, ಬಿಲ್ ಬಂದೇ ಇಲ್ಲ ಎನ್ನುವುದು ಅವರಿಗೆ ಕಷ್ಟವಾಗುತ್ತದೆ.

ಇವೆಂಟ್ ಕಂಪನಿಯ ಮೂಲಕ ಕೆಲಸ ಬಂದಾಗ ಆರ್ಡರ್ ಯಾರ ಹೆಸರಿನಲ್ಲಿದೆ ಎಂದು ನೋಡಿಕೊಳ್ಳಿ. "ನಮಗೆ ಪಾರ್ಟಿಯಿಂದ ಬಂದಿಲ್ಲ, ಬಂದ ಮೇಲೆ ಕೊಡುತ್ತೇವೆ" ಎಂಬುದು 45 ದಿನದ ನಿಯಮದ ಮುಂದೆ ಉತ್ತರವಾಗುವುದಿಲ್ಲ. ನಮಗೆ ಆರ್ಡರ್ ಕೊಟ್ಟವರೇ ನಮ್ಮ ಖರೀದಿದಾರರು.

ನಾವೂ ಖರೀದಿದಾರರೇ

ಒಂದು ಮಾತನ್ನು ನಮಗೆ ನಾವೇ ಹೇಳಿಕೊಳ್ಳಬೇಕು. ಹಪ್ಪಳ, ಉಪ್ಪಿನಕಾಯಿ, ಸಿಹಿತಿಂಡಿ ತಯಾರಿಸಿ ನಮಗೆ ಕೊಡುವ ಸಣ್ಣ ಘಟಕಗಳಿವೆ, ಅವುಗಳಲ್ಲಿ ಎಷ್ಟೋ ಮನೆಯಲ್ಲೇ ಹೆಂಗಸರು ನಡೆಸುವಂಥವು. ಉದ್ಯಮ್ ನೋಂದಣಿ ಇರುವ ತಯಾರಕರಿಗೆ ಇದೇ 45 ದಿನ, ಇದೇ ಚಕ್ರಬಡ್ಡಿ, ಇದೇ ತೆರಿಗೆ ನಿಯಮ ಸಲ್ಲುತ್ತದೆ. ಅಲ್ಲಿ ಬಾಕಿದಾರರು ನಾವು. ದೊಡ್ಡವರು ನಮ್ಮನ್ನು ಕಾಯಿಸುವಂತೆ ನಾವು ಅವರನ್ನು ಕಾಯಿಸಬಾರದು.

ಬಾಕಿ ಕೇಳುವುದಕ್ಕೆ ನಮ್ಮವರಿಗೆ ಇನ್ನೂ ನಾಚಿಕೆ. ಅನ್ನ ಹಾಕಿದ ಕೈ ಹಣಕ್ಕೆ ಜಗ್ಗಾಡಬಾರದೆಂಬ ಭಾವನೆ ಒಳ್ಳೆಯದೇ. ಆದರೆ ಆ ಹಣ ನಮ್ಮೊಬ್ಬರದಲ್ಲ. ಅದರಲ್ಲಿ ಅಡಿಗೆಯವರ ಕೂಲಿ, ಹಪ್ಪಳ ಕೊಟ್ಟವರ ಬಾಕಿ, ಮಕ್ಕಳ ಶಾಲೆಯ ಫೀಸು ಎಲ್ಲವೂ ಸೇರಿದೆ. ಮೊತ್ತ ದೊಡ್ಡದಾಗಿದ್ದರೆ ಕೌನ್ಸಿಲಿಗೋ ಕೋರ್ಟಿಗೋ ಹೋಗುವ ಮೊದಲು ವಕೀಲರಿಗೆ ಕಾಗದ ತೋರಿಸಿ. ಅವರು ಮೊದಲು ಕೇಳುವುದು ಅಂದಿನ ಎಲೆ ಲೆಕ್ಕದ ಸಹಿಯನ್ನೇ. ಮುಂದಿನ ಸಮಾರಂಭದ ದಿನ, ಪಾತ್ರೆ ಗಾಡಿಗೆ ಏರುವ ಮೊದಲು ಆ ಸಹಿ ಹಾಕಿಸಿಕೊಳ್ಳಿ.